ಊರಿನ ಆರೋಗ್ಯ ಮತ್ತು ವೈದ್ಯರ ಸಹಕಾರ

(ಪ್ರತಿಷ್ಠಾ ಮಹೋತ್ಸವದ ಎರಡನೆಯ ದಿನ ಅಪರಾಹ್ಣದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)

 

ಸಮಿತಿಯವರು ಕಳೆದ ತಿಂಗಳು ನನ್ನನ್ನು ಕಂಡು, ‘ನೀವು ವೈದ್ಯರು, ಔಷಧದಾನದ ವಿಷಯವಾಗಿ ಅರ್ಧ ಗಂಟೆ ಮಾತನಾಡಬೇಕು’ ಎಂದು ಅಪ್ಪಣೆ ಮಾಡಿದರು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಕುರಿತು ಈ ವೇದಿಕೆಯ ಮೇಲೆ ಕುಳಿತಿರುವ ಪಂಡಿತರು ನನಗಿಂತ ಸಾವಿರ ಪಾಲು ಹೆಚ್ಚು ಬಲ್ಲರು. ಅವರ ಎದುರಿನಲ್ಲಿ ನಾನು ಶಾಸ್ತ್ರ ಹೇಳಹೊರಟರೆ ಅದು ಅಧಿಕಪ್ರಸಂಗವಾದೀತು. ಆದುದರಿಂದ ನಾನು ಬಲ್ಲ ಒಂದು ಸಣ್ಣ ವಿಷಯವನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ಒಂದೇ ಪೇಟೆಯಲ್ಲಿ ಅಕ್ಕಪಕ್ಕದಲ್ಲಿ ಬಾಗಿಲು ತೆರೆದು ಕುಳಿತಿರುವ ವೈದ್ಯರು ಒಬ್ಬರಿಗೊಬ್ಬರು ಹೇಗೆ ನೆರವಾಗಬಹುದು, ನೆರವಾಗದಿದ್ದರೆ ಊರಿಗೆ ಏನಾಗುತ್ತದೆ ಎಂಬುದೇ ಆ ವಿಷಯ. ಔಷಧವನ್ನು ದಾನ ಮಾಡತಕ್ಕ ಧರ್ಮಿಷ್ಠರು ನಮ್ಮಲ್ಲಿ ಎಂದೂ ಕಡಿಮೆಯಾಗಿಲ್ಲ. ಆದರೆ ಆ ಔಷಧ ಸರಿಯಾದ ರೋಗಿಗೆ ಸರಿಯಾದ ವಾರದಲ್ಲಿ ತಲುಪುವುದು ದಾನಿಯ ಕೈಯಲ್ಲಿಲ್ಲ. ಅದು ನಮ್ಮಂಥ ವೈದ್ಯರ ಕೈಯಲ್ಲಿದೆ.

ಒಂದು ಮಾತನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ಇದರಲ್ಲಿ ನನ್ನ ತಪ್ಪೊಂದರ ಕಥೆಯೂ ಬರುತ್ತದೆ. ಮಂಗಳಕಾರ್ಯದ ಚಪ್ಪರದಲ್ಲಿ ಕ್ಷಯರೋಗದ ಮಾತೇಕೆಂದು ಹಿರಿಯರು ಮನ್ನಿಸದಿರಬಾರದು.

ನಾನು ಈ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ 1986ರಲ್ಲಿ ಚಿಕಿತ್ಸಾಲಯ ತೆರೆದೆ. ಬಸ್ ನಿಲ್ದಾಣದಿಂದ ರಥಬೀದಿಯವರೆಗಿನ ಒಂದು ಫರ್ಲಾಂಗಿನೊಳಗೆ ಆಗ ನಾವು ಐದು ಮಂದಿ ವೈದ್ಯರಿದ್ದೆವು. ನಮ್ಮೊಳಗೆ ಹಗೆತನವಿತ್ತೆಂದು ಯಾರೂ ಭಾವಿಸಬಾರದು. ಎದುರಾದರೆ ನಮಸ್ಕಾರವಿತ್ತು; ಮದುವೆಯ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಮಳೆಯ ವಿಷಯ, ಅಡಕೆಯ ಧಾರಣೆಯ ವಿಷಯ ಮಾತನಾಡುತ್ತಿದ್ದೆವು. ರೋಗಿಯ ವಿಷಯವನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ, ‘ಇವನ ರೋಗಿ ನನ್ನಲ್ಲಿಗೆ ಬಂದಿದ್ದಾನೆ’ ಎಂಬುದೋ, ‘ನನ್ನ ರೋಗಿ ಅವನಲ್ಲಿಗೆ ಹೋಗಿದ್ದಾನೆ’ ಎಂಬುದೋ ಹೊರಬೀಳಬೇಕಷ್ಟೆ. ಎರಡೂ ಇರಿಸುಮುರಿಸಿನ ಸಂಗತಿಗಳೇ. ಹೀಗೆ ಹನ್ನೆರಡು ವರ್ಷ ಕಳೆದವು.

1998ರ ಮಳೆಗಾಲದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬ ಊರಿಗೆ ಮರಳಿ ಬಂದು ನನ್ನಲ್ಲಿಗೆ ಬಂದ. ಕೆಮ್ಮು, ಸಂಜೆಯ ಹೊತ್ತು ಸಣ್ಣ ಜ್ವರ, ಊಟ ಸೇರದು. ತಾಯಿ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದಳು. ಮೂರು ವಾರ ಮೀರಿದ ಕೆಮ್ಮಿಗೆ ಕಫವನ್ನು ಪರೀಕ್ಷಿಸಬೇಕೆಂಬುದು ಆಗ ವೈದ್ಯಕೀಯ ವಿದ್ಯಾರ್ಥಿಗೂ ಗೊತ್ತಿದ್ದ ಪಾಠ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಿತ್ತು, ಪರೀಕ್ಷೆಗೆ ಕಾಸಿರಲಿಲ್ಲ. ಆದರೂ ನಾನು ಕಳುಹಿಸಲಿಲ್ಲ. ಕೆಮ್ಮಿನ ಒಂದು ಬಾಟಲಿ, ಐದು ದಿನದ ಗುಳಿಗೆ, ‘ತಂಪು ಪದಾರ್ಥ ಬೇಡ’ ಎಂಬ ಉಪದೇಶ ಕೊಟ್ಟು ಕಳುಹಿಸಿದೆ. ಏಕೆಂದು ಇಂದು ನನ್ನನ್ನು ನಾನು ಕೇಳಿಕೊಂಡರೆ ಉತ್ತರ ಸ್ಪಷ್ಟವಿದೆ. ಕ್ಷಯವೆಂಬ ಶಬ್ದವನ್ನು ಉಚ್ಚರಿಸಿದರೆ ತಾಯಿ ಹೆದರಿ ಬೇರೆ ವೈದ್ಯರನ್ನು ಹುಡುಕಿಯಾಳೆಂಬ ಅಳುಕು ಒಂದು. ಸರ್ಕಾರಿ ಆಸ್ಪತ್ರೆಗೆ ಹೋದ ರೋಗಿ ತಿರುಗಿ ನನ್ನ ಮೆಟ್ಟಿಲು ಹತ್ತಲಾರನೆಂಬ ಅಳುಕು ಇನ್ನೊಂದು. ಎರಡನೆಯದೇ ಹೆಚ್ಚಿನದೆಂದು ಒಪ್ಪಿಕೊಳ್ಳಲು ನನಗೆ ಬಹುಕಾಲ ಬೇಕಾಯಿತು.

ಆತ ಎರಡನೆಯ ಸಲ ಬಂದ, ಬಾಟಲಿ ಬದಲಾಯಿತು. ಮೂರನೆಯ ಸಲ ಬರಲಿಲ್ಲ. ಗುಣವಾಗಿರಬೇಕೆಂದು ನಾನು ತಿಳಿದೆ. ನಾಲ್ಕು ತಿಂಗಳ ಮೇಲೆ ಒಂದು ರಾತ್ರಿ ತಾಯಿ ಅವನನ್ನು ಆಟೋರಿಕ್ಷಾದಲ್ಲಿ ಕರೆತಂದಳು. ಕಫದಲ್ಲಿ ರಕ್ತ ಬರುತ್ತಿತ್ತು. ಹಿಂದಿನ ಚೀಟಿಗಳಿದ್ದರೆ ತೋರಿಸೆಂದಾಗ ಆಕೆ ಬಟ್ಟೆಯ ಚೀಲವೊಂದನ್ನು ನನ್ನ ಮೇಜಿನ ಮೇಲೆ ಸುರಿದಳು. ನಮ್ಮ ಬೀದಿಯ ಮೂವರು ವೈದ್ಯರ ಚೀಟಿಗಳು ಅದರಲ್ಲಿದ್ದವು. ಮೂವರೂ ಬರೆದದ್ದು ಹೆಚ್ಚುಕಡಿಮೆ ಒಂದೇ ಔಷಧ. ಕಂಪೆನಿಯ ಹೆಸರು ಮಾತ್ರ ಬೇರೆ ಬೇರೆ. ಮೊದಲನೆಯ ಚೀಟಿ ನನ್ನದು. ನಾನು ಕೊಟ್ಟು ಫಲಕಾರಿಯಾಗದ ಗುಳಿಗೆಯನ್ನೇ ನನ್ನಿಂದ ಐವತ್ತು ಹೆಜ್ಜೆ ಆಚೆ ಕುಳಿತ ಮಿತ್ರರು ಮೊದಲಿನಿಂದ ಪ್ರಾರಂಭಿಸಿದ್ದರು. ಅವರ ತಪ್ಪೇನು? ನಾನು ಕೊಟ್ಟದ್ದು ಅವರಿಗೆ ಗೊತ್ತಿರಲಿಲ್ಲ.

ತರುಣ ಬದುಕಿಕೊಂಡ. ಆದರೆ ಆ ಒಂದೇ ಕೋಣೆಯ ಮನೆಯಲ್ಲಿ ಅವನ ಅಕ್ಕನ ಮಗಳೊಬ್ಬಳಿದ್ದಳು, ಐದು ವರ್ಷದ ಮಗು. ಮಾವನೆಂದರೆ ಪ್ರಾಣ, ಅವನ ಚಾಪೆಯ ಮೇಲೆಯೇ ಆಡಿಕೊಂಡು ಮಲಗುತ್ತಿದ್ದಳಂತೆ. ಮುಂದಿನ ಎರಡು ತಿಂಗಳಲ್ಲಿ ಆ ಮಗುವಿಗೆ ಮಿದುಳಿನ ಪೊರೆಯ ಕ್ಷಯ ತಗುಲಿತು. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು, ಕಿವಿ ಉಳಿಯಲಿಲ್ಲ.

ಈ ಕಥೆಯನ್ನು ನಾನು ಕರುಣೆ ಹುಟ್ಟಿಸಲು ಹೇಳಿದ್ದಲ್ಲ. ಅದರೊಳಗೆ ವೈದ್ಯಶಾಸ್ತ್ರದ ಒಂದು ಸತ್ಯವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಕ್ಷಯದ ಜೀವಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ ಪ್ರಕಟಪಡಿಸಿದ್ದು 1882ರಲ್ಲಿ. ಅದನ್ನು ಕೊಲ್ಲತಕ್ಕ ಔಷಧ ಕೈಗೆ ಬರಲು ಮುಂದೆ ಅರವತ್ತು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಗಾಳಿ, ಬಿಸಿಲು, ಹಾಲು, ವಿಶ್ರಾಂತಿಗಳೇ ಚಿಕಿತ್ಸೆ. ಮೈಸೂರಿನ ರಾಜಮನೆತನವು ಕೃಷ್ಣಾಜಮ್ಮಣ್ಣಿಯವರ ಸ್ಮಾರಕವಾಗಿ ಕಟ್ಟಿಸಿದ ಕ್ಷಯ ಆಸ್ಪತ್ರೆಯಂಥ ಆರೋಗ್ಯಧಾಮಗಳು ಆ ಕಾಲದ ಕೊಡುಗೆ. ಔಷಧಗಳು ಬಂದ ಮೇಲೆ ಮದರಾಸಿನಲ್ಲಿ 1956ರಲ್ಲಿ ಒಂದು ದೊಡ್ಡ ಪ್ರಯೋಗ ಪ್ರಾರಂಭವಾಯಿತು. ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಟ್ಟು, ಇನ್ನು ಕೆಲವರನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಔಷಧ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣವಾದರೆಂದು 1959ರಲ್ಲಿ ಪ್ರಕಟವಾದಾಗ ಜಗತ್ತೇ ಆಶ್ಚರ್ಯಪಟ್ಟಿತು. ಅದಕ್ಕಿಂತ ಮುಖ್ಯವಾದ ಸಂಗತಿಯೊಂದು ಅನಂತರದ ವರ್ಷಗಳಲ್ಲಿ ತಿಳಿಯಿತು. ಮನೆಯಲ್ಲೇ ಚಿಕಿತ್ಸೆ ಪಡೆದ ರೋಗಿಯ ಮನೆಮಂದಿಗೆ, ಆರೋಗ್ಯಧಾಮಕ್ಕೆ ಹೋದ ರೋಗಿಯ ಮನೆಮಂದಿಗಿಂತ ಹೆಚ್ಚಾಗಿ ರೋಗ ತಗುಲಲಿಲ್ಲ.

ಇದರ ಅರ್ಥವೇನು? ಔಷಧ ಪ್ರಾರಂಭವಾದ ಮೇಲೆ ರೋಗಿ ಮನೆಯವರಿಗೆ ಅಪಾಯಕಾರಿಯಾಗಿ ಉಳಿಯುವುದು ಸ್ವಲ್ಪ ಕಾಲ ಮಾತ್ರ. ಹಂಚಿಕೆಯಾಗುವುದೆಲ್ಲ ಬಹುಪಾಲು ಅದಕ್ಕೆ ಮುಂಚೆಯೇ, ಅಂದರೆ ರೋಗವಿದೆಯೆಂದು ಯಾರೂ ಗುರುತಿಸದ ದಿನಗಳಲ್ಲಿ, ಆಗಿಹೋಗಿರುತ್ತದೆ. ಆ ತರುಣ ನನ್ನ ಬಾಗಿಲಿನಿಂದ ಎರಡನೆಯ ಬಾಗಿಲಿಗೆ, ಎರಡನೆಯದರಿಂದ ಮೂರನೆಯದಕ್ಕೆ ಅಲೆದ ನಾಲ್ಕು ತಿಂಗಳೇ ಆ ಮಗುವಿನ ಪಾಲಿಗೆ ಅಪಾಯದ ತಿಂಗಳುಗಳಾಗಿದ್ದವು. ಯಾವ ವೈದ್ಯನೂ ಅವನನ್ನು ಹೊರಗೆ ಹಾಕಲಿಲ್ಲ. ಮೂವರೂ ಆದರದಿಂದಲೇ ಕಂಡೆವು.

ಇಂಥದು ನಮ್ಮ ಪೇಟೆಯಲ್ಲಿ ಮಾತ್ರ ನಡೆದುದಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ಸಮಾಜಶಾಸ್ತ್ರದ ಕೆಲಸ ಮಾಡುತ್ತಿದ್ದ ಡಾ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವುಳ್ಳವರನ್ನು ಮಾತನಾಡಿಸಿ 1963ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಹಳ್ಳಿಗರು ಅಜ್ಞಾನಿಗಳು, ರೋಗದ ಲಕ್ಷಣ ತಿಳಿಯದೆ ಮನೆಯಲ್ಲೇ ಕೊರಗುತ್ತಾರೆ ಎಂಬುದು ಆಗ ಪಟ್ಟಣದ ವಿದ್ಯಾವಂತರ ನಂಬಿಕೆಯಾಗಿತ್ತು. ಸಂಗತಿ ಬೇರೆಯೇ ಆಗಿತ್ತು. ಬಹುತೇಕ ಎಲ್ಲರಿಗೂ ತಮ್ಮ ಮೈ ನೆಟ್ಟಗಿಲ್ಲವೆಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಬಾಟಲಿ. ನನ್ನ ಬಾಟಲಿಗೂ ಅದಕ್ಕೂ ಮೂವತ್ತೈದು ವರ್ಷಗಳ ಅಂತರ. ಒಳಗಿನ ಪಾನಕ ಒಂದೇ.

1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂದಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತವಾಯಿತು. ಆದರೆ ನಮ್ಮ ದೇಶದಲ್ಲಿ ಕೆಮ್ಮಿದವನು ಮೊದಲು ಹೋಗುವುದು ಎಲ್ಲಿಗೆ? ಹತ್ತಿರದ ಖಾಸಗಿ ವೈದ್ಯನಲ್ಲಿಗೆ, ಇಲ್ಲವೆ ಔಷಧದ ಅಂಗಡಿಗೆ. ಬೆಳಗಿನ ಕೂಲಿ ತಪ್ಪಿಸಿಕೊಂಡು ಸಾಲಿನಲ್ಲಿ ನಿಲ್ಲಲು ಬಡವನಿಗೆ ಬಿಡುವಿಲ್ಲ. ಸಂಜೆ ಏಳು ಗಂಟೆಗೆ ದೀಪ ಹಚ್ಚಿಕೊಂಡು ಕುಳಿತಿರುವವರು ನಾವೇ. ಮುಂಬಯಿಯ ಧಾರಾವಿಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಸುಮಾರು ನೂರು ಮಂದಿ ಖಾಸಗಿ ವೈದ್ಯರಿಗೆ, ಕ್ಷಯರೋಗಿಗೆ ಯಾವ ಔಷಧ ಬರೆಯುವಿರೆಂದು ಕೇಳಿದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ನೂರು ವೈದ್ಯರಿಂದ ಬಂದದ್ದು 80 ಬಗೆಯ ಚಿಕಿತ್ಸಾಕ್ರಮ! ಒಂದು ಊರಿನ ಎಲ್ಲ ಅಡುಗೆಯವರನ್ನೂ ಕರೆದು ಅನ್ನ ಮಾಡುವ ಬಗೆ ಕೇಳಿದರೂ ಇಷ್ಟು ಉತ್ತರಗಳು ಬಾರವು.

ಈ ಹಿನ್ನೆಲೆಯಲ್ಲಿ ಹೈದರಾಬಾದಿನಲ್ಲಿ ನಡೆದ ಒಂದು ಕಾರ್ಯವನ್ನು ತಮಗೆ ತಿಳಿಸಬೇಕು. ಅದು ಭಗವಾನ್ ಮಹಾವೀರರ ಹೆಸರನ್ನು ಹೊತ್ತ ಸಂಸ್ಥೆಯಿಂದ ನಡೆದುದೆಂಬುದು ಈ ಸಭೆಗೆ ಸಂತೋಷವನ್ನುಂಟುಮಾಡತಕ್ಕ ವಿಷಯ. ಅಲ್ಲಿನ ಮಹಾವೀರ್ ಟ್ರಸ್ಟ್ ಆಸ್ಪತ್ರೆ ಲಾಭರಹಿತವಾದ ಖಾಸಗಿ ಆಸ್ಪತ್ರೆ. ಡಾ. ಕೆ. ಜೆ. ಆರ್. ಮೂರ್ತಿಯವರ ಮುಂದಾಳುತನದಲ್ಲಿ 1995ರಲ್ಲಿ ಆ ಆಸ್ಪತ್ರೆ ತನ್ನ ಸುತ್ತಲಿನ ಬಡಾವಣೆಗಳ ಖಾಸಗಿ ವೈದ್ಯರನ್ನು ಒಂದೊಂದಾಗಿ ಕಂಡು ಮಾತನಾಡಿಸಲು ಪ್ರಾರಂಭಿಸಿತು. 1998ರ ವೇಳೆಗೆ ಸುಮಾರು ಐದು ಲಕ್ಷ ಜನವಸತಿಯ ಕ್ಷಯ ನಿಯಂತ್ರಣದ ಹೊಣೆಯನ್ನು ಸರ್ಕಾರ ಅದಕ್ಕೆ ಒಪ್ಪಿಸಿತು. ಸರ್ಕಾರ ಔಷಧ ಕೊಟ್ಟಿತು, ಆಸ್ಪತ್ರೆ ಪ್ರಯೋಗಾಲಯ ಮತ್ತು ಸಿಬ್ಬಂದಿಯನ್ನು ಕೊಟ್ಟಿತು, ಬೀದಿಬೀದಿಯ ವೈದ್ಯರು ತಮ್ಮ ಕಣ್ಣನ್ನು ಕೊಟ್ಟರು.

ಏರ್ಪಾಡು ಬಹಳ ಸರಳ. ಬಹುದಿನದ ಕೆಮ್ಮಿನ ರೋಗಿ ಬಂದರೆ ವೈದ್ಯರು ಒಂದು ಚೀಟಿ ಬರೆದು ಮಹಾವೀರ್ ಆಸ್ಪತ್ರೆಗೆ ಕಳುಹಿಸುವುದು. ಅಲ್ಲಿ ಕಫವನ್ನು ಶುಲ್ಕವಿಲ್ಲದೆ ಪರೀಕ್ಷಿಸುವುದು. ಕಳುಹಿಸಿದ ವೈದ್ಯರಿಗೆ ಫಲಿತಾಂಶವನ್ನು ತಿಳಿಸುವುದು. ರೋಗವಿದ್ದರೆ ಔಷಧವನ್ನು ಆಸ್ಪತ್ರೆಯಲ್ಲೇ ಬಂದು ನುಂಗಬೇಕೆಂಬ ಕಡ್ಡಾಯವಿಲ್ಲ. ರೋಗಿಯ ಮನೆಗೆ ಸಮೀಪದ ಸಣ್ಣ ನರ್ಸಿಂಗ್ ಹೋಮುಗಳೂ ಔಷಧ ಕೊಡುವ ಕೇಂದ್ರಗಳಾದವು. ಆ ಕಾಲದ ಪದ್ಧತಿಯಂತೆ ವಾರಕ್ಕೆ ಮೂರು ದಿನ, ಇನ್ನೊಬ್ಬರ ಕಣ್ಣೆದುರಿಗೆ ಗುಳಿಗೆ ನುಂಗಬೇಕಾಗಿತ್ತು. ರೋಗಿಯ ಹೆಸರು ಬರೆದ ಒಂದು ಪೆಟ್ಟಿಗೆಯಲ್ಲಿ ಆರು ತಿಂಗಳ ಔಷಧವೂ ಮೊದಲ ದಿನವೇ ಮೀಸಲಾಗಿರುತ್ತಿತ್ತು. ನಡುವೆ ಮುಗಿದುಹೋಯಿತೆಂಬ ಮಾತಿಲ್ಲ. ಉಳಿದ ಕಾಯಿಲೆ ಕಸಾಲೆಗೆ ರೋಗಿ ಎಂದಿನಂತೆ ತನ್ನ ಮೊದಲಿನ ವೈದ್ಯನಲ್ಲಿಗೇ ಹೋಗುತ್ತಿದ್ದ. ಹೊಸದಾಗಿ ಚಿಕಿತ್ಸೆಗೆ ಸೇರಿದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಚಿಕಿತ್ಸೆಯನ್ನು ಯಶಸ್ವಿಯಾಗಿ ಪೂರೈಸಿದರೆಂಬ ವರದಿ 2001ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂದಿತು. ಇಂಥ ಏರ್ಪಾಡಿನಿಂದ ರೋಗಿಯ ಕೈಯಿಂದ ಖರ್ಚಾಗುವ ಹಣ ಗಣನೀಯವಾಗಿ ಇಳಿಯುವುದೆಂದು ಮುಂದೆ ಲೆಕ್ಕಹಾಕಿದವರೂ ಹೇಳಿದರು.

ಆ ವರದಿಯನ್ನು ನಾನು 2002ರಲ್ಲಿ ಓದಿದೆ. ಅದರ ಅಂಕಿಅಂಶಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಆ ತಿರುಗಿ ಬರುವ ಸುದ್ದಿ. ರೋಗಿಯನ್ನು ಕಳುಹಿಸಿದ ವೈದ್ಯನಿಗೆ ಸುದ್ದಿ ಬರುತ್ತದೆ. ರೋಗಿ ತಿರುಗಿ ಬರುತ್ತಾನೆ. ನನ್ನನ್ನು 1998ರಲ್ಲಿ ಕಾಡಿದ ಅಳುಕಿಗೆ ಉತ್ತರ ಅಲ್ಲಿತ್ತು. ವೈದ್ಯರು ಸ್ವಾರ್ಥಿಗಳೆಂದು ಉಪನ್ಯಾಸ ಮಾಡಿ ಯಾರನ್ನೂ ತಿದ್ದಲಾಗದು. ನಾವು ಬಾಡಿಗೆ ಕಟ್ಟಬೇಕು, ಮಕ್ಕಳನ್ನು ಓದಿಸಬೇಕು. ಆ ಹೈದರಾಬಾದಿನ ಮಹನೀಯರು ಉಪನ್ಯಾಸ ಮಾಡಲಿಲ್ಲ. ವೈದ್ಯನ ಅಳುಕನ್ನು ಅಳುಕೆಂದೇ ಒಪ್ಪಿಕೊಂಡು ಅದಕ್ಕೊಂದು ದಾರಿ ಮಾಡಿಕೊಟ್ಟರು.

ಒಂದು ಭಾನುವಾರ ಧೈರ್ಯಮಾಡಿ ನಮ್ಮ ಬೀದಿಯ ಹಿರಿಯ ವೈದ್ಯರ ಮನೆಗೆ ಹೋದೆ. ಹದಿನಾರು ವರ್ಷಗಳಲ್ಲಿ ರೋಗಿಯ ವಿಷಯಕ್ಕಾಗಿ ಅವರ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಆ ತರುಣನ ಚೀಲದ ಕಥೆಯನ್ನು ಹೇಳಿದೆ. ಎರಡನೆಯ ಚೀಟಿ ಅವರದೆಂದೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಳಗಿನಿಂದ ಕಾಫಿ ಬಂತು. ಆಮೇಲೆ, ‘ಮುಂದಿನ ಭಾನುವಾರ ಉಳಿದವರನ್ನೂ ಕರೆಯಿರಿ’ ಎಂದರು.

ಮುಂದಿನ ಭಾನುವಾರ ಅವರ ಜಗಲಿಯಲ್ಲಿ ಐವರು ವೈದ್ಯರೂ ಸೇರಿದೆವು. ಆಯುರ್ವೇದದ ಪಂಡಿತರೊಬ್ಬರನ್ನೂ ಔಷಧದ ಅಂಗಡಿಯ ಇಬ್ಬರು ಮಾಲೀಕರನ್ನೂ ಕರೆದಿದ್ದೆವು. ಅಂಗಡಿಯವರನ್ನೇಕೆ ಎಂದು ಒಬ್ಬರು ಮುನಿಸಿಕೊಂಡರು. ಒಬ್ಬನೇ ಮನುಷ್ಯ ತಿಂಗಳಿಗೆ ಮೂರು ಬಾಟಲಿ ಕೆಮ್ಮಿನ ಔಷಧ ಕೊಳ್ಳುವುದು ನಮಗಿಂತ ಮೊದಲು ಗೊತ್ತಾಗುವುದು ಅವರಿಗೇ ಅಲ್ಲವೆ? ಚರ್ಚೆ ಎರಡು ಗಂಟೆ ನಡೆಯಿತು. ‘ನಾನು ಕಳುಹಿಸಿದ ರೋಗಿ ತಿರುಗಿ ಬಾರದಿದ್ದರೆ ನನ್ನ ಅಂಗಡಿಬಾಡಿಗೆ ನೀವು ಕೊಡುತ್ತೀರಾ ಡಾಕ್ಟ್ರೇ?’ ಎಂದು ನಮ್ಮಲ್ಲಿ ಕಿರಿಯರು ಕೇಳಿದಾಗ ಎಲ್ಲರೂ ನಕ್ಕೆವಾದರೂ, ಎಲ್ಲರ ಮನಸ್ಸಿನ ಪ್ರಶ್ನೆಯೂ ಅದೇ ಆಗಿತ್ತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಯಾಗದೆ ಯಾರೂ ಎರಡನೆಯ ಬಾಟಲಿ ಕೊಡಬಾರದು. ಬೇರೆ ವೈದ್ಯರ ಚೀಟಿ ಕೈಯಲ್ಲಿದ್ದ ರೋಗಿ ಬಂದರೆ, ಮುಜುಗರಪಡದೆ ಆ ವೈದ್ಯರನ್ನು ದೂರವಾಣಿಯಲ್ಲಿ ಕೇಳಬೇಕು. ಇನ್ನು ಮುಖ್ಯವಾದದ್ದು ಚೀಟಿ. ಅದಕ್ಕೆ ಎರಡು ಭಾಗ. ಮೇಲಿನ ಭಾಗ ಆಸ್ಪತ್ರೆಯಲ್ಲಿ ಉಳಿಯತಕ್ಕದ್ದು. ಕೆಳಗಿನ ಭಾಗದಲ್ಲಿ ಫಲಿತಾಂಶವನ್ನು ಬರೆದು, ‘ಮುಂದಿನ ಆರೈಕೆಗಾಗಿ ತಮ್ಮಲ್ಲಿಗೇ ಮರಳಿ ಕಳುಹಿಸಲಾಗಿದೆ’ ಎಂಬ ಒಂದು ಸಾಲಿನೊಡನೆ ರೋಗಿಯ ಕೈಯಲ್ಲೇ ತಿರುಗಿ ಕೊಡತಕ್ಕದ್ದು. ಪೇಟೆಯ ಮುದ್ರಣಾಲಯದವರು ಹಣ ಪಡೆಯದೆ ಚೀಟಿಪುಸ್ತಕಗಳನ್ನು ಅಚ್ಚುಹಾಕಿ ಕೊಟ್ಟರು.

ತಾಲ್ಲೂಕಿನ ಪ್ರಯೋಗಾಲಯದಲ್ಲಿ ಆಗ ಇದ್ದ ತಂತ್ರಜ್ಞರು ಮಿತಭಾಷಿ, ಅಕ್ಷರ ಮುತ್ತಿನಂಥದು. ಒಂದು ಚೀಟಿಯನ್ನೂ ಅವರು ತಪ್ಪಿಸಲಿಲ್ಲ. ರೋಗವಿಲ್ಲದವನ ಚೀಟಿಯೂ ಅಷ್ಟೇ ನಿಷ್ಠೆಯಿಂದ ತಿರುಗಿ ಬರುತ್ತಿತ್ತು. ಅವರು ವರ್ಗವಾಗಿ ಹೋದ ಮೇಲೆ ಕೆಲವು ತಿಂಗಳು ಕೆಳಗಿನ ಭಾಗ ಬರುವುದು ನಿಂತಿತು. ಯಾರೂ ಜಗಳವಾಡಲಿಲ್ಲ, ಯಾರೂ ಸಭೆ ಕರೆಯಲಿಲ್ಲ. ನಾವು ಕಳುಹಿಸುವುದು ತಾನಾಗಿಯೇ ಕಡಿಮೆಯಾಯಿತು. ನನ್ನ ಮೇಜಿನ ಖಾನೆಯಲ್ಲಿಯೇ ಚೀಟಿಪುಸ್ತಕದ ಮೇಲೆ ಧೂಳು ಕುಳಿತದ್ದನ್ನು ಕಂಡು ನಾಚಿಕೆಯಾಗಿ, ಹೊಸದಾಗಿ ಬಂದವರನ್ನು ಹೋಗಿ ಕಂಡೆವು. ಪಾಪ, ಆ ಕಾಗದದ ತುಂಡು ಏಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಮತ್ತೆ ಬರತೊಡಗಿತು. ಇಂಥ ಏರ್ಪಾಡುಗಳನ್ನು ಹೊಗಳುವಾಗ ಇದನ್ನೂ ಹೇಳಬೇಕು: ಅವು ಬಹಳ ಸುಲಭವಾಗಿ ನಿಂತುಹೋಗುತ್ತವೆ. ದೊಡ್ಡ ನಗರಗಳಲ್ಲಿ ಹೊರಗಿನ ಹಣದಿಂದ ನಡೆದ ಎಷ್ಟೋ ಯೋಜನೆಗಳು ಹಣ ನಿಂತ ದಿನ ಸೊರಗಿದುದುಂಟು.

ಒಮ್ಮೆ ಮಾತು ಪ್ರಾರಂಭವಾದ ಮೇಲೆ ಅದು ಕ್ಷಯಕ್ಕೇ ನಿಲ್ಲಲಿಲ್ಲ. ಭಾನುವಾರಗಳಂದು ಸರದಿಯ ಮೇಲೆ ಒಬ್ಬರ ಬಾಗಿಲು ತೆರೆದಿರತಕ್ಕದ್ದೆಂದು ಗೊತ್ತುಮಾಡಿಕೊಂಡೆವು. ಒಬ್ಬರಲ್ಲಿದ್ದ ಹೃದಯಪರೀಕ್ಷೆಯ ಯಂತ್ರ ಎಲ್ಲರ ರೋಗಿಗಳಿಗೂ ಒದಗಿತು. ಅವನ್ನೆಲ್ಲ ವಿಸ್ತರಿಸಿ ಹೇಳಲು ಸಮಯವಿಲ್ಲ.

ಸರ್ಕಾರವೂ ಈ ದಾರಿಗೆ ಬಂದಿದೆ. 2012ರ ಮೇ ತಿಂಗಳಿನಿಂದ ಖಾಸಗಿ ವೈದ್ಯರು ಕೂಡ ತಮ್ಮಲ್ಲಿನ ಪ್ರತಿಯೊಬ್ಬ ಕ್ಷಯರೋಗಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಗಿದೆ. ಮುಂಬಯಿ, ಪಾಟ್ನಾ ನಗರಗಳಲ್ಲಿ 2014ರಿಂದ, ಖಾಸಗಿ ವೈದ್ಯರಲ್ಲಿಗೆ ಹೋದ ರೋಗಿಗೂ ಅಂಗಡಿಯಲ್ಲಿ ಉಚಿತವಾಗಿ ಔಷಧ ಸಿಗುವ ಏರ್ಪಾಡನ್ನು ಮಾಡಿ ನೋಡಿದರು. ಖಾಸಗಿ ವೈದ್ಯರು ತಿಳಿಸಿದ ರೋಗಿಗಳ ಸಂಖ್ಯೆ 2013ರಲ್ಲಿ ದೇಶಕ್ಕೆಲ್ಲ ಸುಮಾರು 38 ಸಾವಿರವಿದ್ದದ್ದು 2023ರಲ್ಲಿ ಎಂಟು ಲಕ್ಷವನ್ನು ಮೀರಿತು. ಇಷ್ಟಾದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರೇ ಎಂಬುದನ್ನು ಮರೆಯುವಂತಿಲ್ಲ. ರೋಗಿಯ ವಿಷಯ ತಿಳಿಸಿದ ವೈದ್ಯನಿಗೆ 500 ರೂಪಾಯಿ ಪ್ರೋತ್ಸಾಹಧನ ಕೊಡುವ ಪದ್ಧತಿಯನ್ನೂ ತಂದರು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ನನ್ನ ಅನುಭವದಲ್ಲಿ ವೈದ್ಯನನ್ನು ಎಬ್ಬಿಸುವುದು ಆ ಐನೂರಕ್ಕಿಂತ ಹೆಚ್ಚಾಗಿ, ಕಳುಹಿಸಿದ ರೋಗಿ ಏನಾದನೆಂದು ತಿಳಿಸುವ ಆ ಒಂದು ಸಾಲೇ.

ಈಗ ನಮ್ಮ ಸಮಾಜಕ್ಕೆ ಸಂಬಂಧಿಸಿದ ಎರಡು ಮಾತು. ಮೊದಲನೆಯದು ಕಹಿ. ಬಡವರು ಚೀಟಿ ಹಿಡಿದು ಹೋಗುತ್ತಾರೆ, ಉಳ್ಳವರು ಹೋಗುವುದಿಲ್ಲ. ‘ಡಾಕ್ಟ್ರೇ, ಹೆಸರು ಎಲ್ಲೂ ಬರೆಯಬೇಡಿ, ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ’ ಎಂದು ನನ್ನ ಕೈ ಹಿಡಿದವರಲ್ಲಿ ನಮ್ಮವರೂ ಇದ್ದಾರೆ. ಊರಿನ ವೈದ್ಯರಿಗೆ ತಿಳಿಯಬಾರದೆಂದು ದೂರದ ನಗರಕ್ಕೆ ಹೋಗಿ, ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಔಷಧವನ್ನೂ ನಿಲ್ಲಿಸಿ, ರೋಗ ಔಷಧಕ್ಕೆ ಮಣಿಯದಂತಾದ ಮೇಲೆ ನಮ್ಮಲ್ಲಿಗೆ ಬಂದವರನ್ನು ನಾನು ಕಂಡಿದ್ದೇನೆ. ರೋಗಿಯ ಹೆಸರನ್ನು ಗುಟ್ಟಾಗಿಡುವುದು ನಮ್ಮ ಕರ್ತವ್ಯ, ಅದಕ್ಕೆ ತಾವು ಕೇಳಿಕೊಳ್ಳಬೇಕಾಗಿಲ್ಲ. ಆದರೆ ವೈದ್ಯರಿಂದಲೇ ಗುಟ್ಟುಮಾಡಿದರೆ ವೈದ್ಯರೆಲ್ಲ ಒಂದಾಗಿಯೂ ಪ್ರಯೋಜನವಿಲ್ಲ.

ಎರಡನೆಯದು ಆಹಾರ. ಮದರಾಸಿನ ಪ್ರಯೋಗದಲ್ಲಿ ಮನೆಯಲ್ಲಿದ್ದ ರೋಗಿಗಳು ಆರೋಗ್ಯಧಾಮದವರಷ್ಟು ಚೆನ್ನಾಗಿ ಉಣ್ಣಲಿಲ್ಲ, ಆದರೂ ಗುಣವಾದರು. ಹಾಗಾದರೆ ಆಹಾರದ ಅಗತ್ಯವೇ ಇಲ್ಲವೇನೋ ಎಂದು ವೈದ್ಯಲೋಕ ಬಹುಕಾಲ ಅದನ್ನು ಬದಿಗಿಟ್ಟಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ದಂಪತಿಗಳು, ಆ ಮದರಾಸು ಕೇಂದ್ರದಿಂದಲೇ ಬೆಳೆದ ಚೆನ್ನೈನ ಸಂಸ್ಥೆಯೊಡನೆ ಕೂಡಿ, 2019ರಿಂದ 2022ರವರೆಗೆ ಝಾರ್ಖಂಡಿನಲ್ಲಿ 2,800 ರೋಗಿಗಳ ಕುಟುಂಬಗಳನ್ನು ಪರಿಶೀಲಿಸಿದರು. ರೋಗಿಗಳೆಲ್ಲರಿಗೂ ಆಹಾರ ಕೊಟ್ಟರು. ಅರ್ಧದಷ್ಟು ಕುಟುಂಬಗಳಲ್ಲಿ ಉಳಿದ ಮನೆಮಂದಿಗೂ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಮತ್ತು ಜೀವಸತ್ವದ ಗುಳಿಗೆಗಳನ್ನು ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇಕಡ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾಗಿದೆ. ಅಕ್ಕಿ ಮತ್ತು ಬೇಳೆ! ನಮ್ಮ ಯಾವ ಮನೆಯ ಉಗ್ರಾಣದಲ್ಲಿ ಅದಿಲ್ಲ? ರೋಗಿಯನ್ನು ದತ್ತು ತೆಗೆದುಕೊಂಡು ಆಹಾರದ ಪೊಟ್ಟಣ ಕೊಡಲಿಚ್ಛಿಸುವವರಿಗಾಗಿ ಸರ್ಕಾರ 2022ರಲ್ಲಿ ನಿಕ್ಷಯ ಮಿತ್ರವೆಂಬ ಏರ್ಪಾಡನ್ನು ಪ್ರಾರಂಭಿಸಿದೆ. ಪೊಟ್ಟಣ ಕೊಡುವಾಗ ಛಾಯಾಚಿತ್ರ ತೆಗೆಸಿ ಪತ್ರಿಕೆಗೆ ಕೊಡುವುದನ್ನು ಮಾತ್ರ ದಯವಿಟ್ಟು ಬಿಡಬೇಕು; ಆ ಮನೆಯಲ್ಲೂ ಮದುವೆಗೆ ಬಂದ ಹುಡುಗಿ ಇರುತ್ತಾಳೆ. ಯಾವ ಮನೆಗೆ ಎಷ್ಟು ತಲೆಗೆ ಅಕ್ಕಿ ಬೇಕೆಂಬುದನ್ನು, ರೋಗಿಯ ಒಪ್ಪಿಗೆ ಪಡೆದು, ಹೆಸರು ಹೊರಬೀಳದಂತೆ ನಾವು ವೈದ್ಯರು ತಿಳಿಸಬಲ್ಲೆವು. ಈ ಮಹೋತ್ಸವದ ಅನ್ನದಾನದಲ್ಲಿ ಉಳಿಕೆಯಾಗುವ ದವಸಧಾನ್ಯದ ವಿನಿಯೋಗ ಹೇಗೆಂದು ನಿನ್ನೆ ಸಮಿತಿಯಲ್ಲಿ ಚರ್ಚೆ ನಡೆಯುತ್ತಿದ್ದುದನ್ನು ಕೇಳಿದೆ. ಅದಕ್ಕಾಗಿ ಈ ಮಾತು.

ಆ ಕಿವಿ ಕೇಳದ ಮಗು ಏನಾದಳೆಂದು ತಾಯಂದಿರು ಯೋಚಿಸುತ್ತಿರಬಹುದು. ಆಕೆಗೆ ಈಗ ಮೂವತ್ತು ದಾಟಿದೆ. ಹೊಲಿಗೆಯಂತ್ರ ಇಟ್ಟುಕೊಂಡು ತನ್ನ ಕಾಲ ಮೇಲೆ ನಿಂತಿದ್ದಾಳೆ. ನನ್ನಲ್ಲಿಗೆ ಬರುವಾಗ ಒಂದು ಸಣ್ಣ ಪುಸ್ತಕ ತರುತ್ತಾಳೆ. ಇಬ್ಬರೂ ಅದರಲ್ಲಿ ಬರೆದು ಮಾತನಾಡುತ್ತೇವೆ. ಕಳೆದ ವರ್ಷ ನೆರೆಮನೆಯ ಬೀಡಿ ಕಟ್ಟುವ ಹೆಂಗಸೊಬ್ಬಳನ್ನು ಕೈಹಿಡಿದು ಕರೆತಂದು, ‘ಕೆಮ್ಮು, ಮೂರು ವಾರ, ಎರಡು ಬಾಟಲಿ ಆಯಿತು’ ಎಂದು ಬರೆದು ತೋರಿಸಿದಳು. ಬಾಟಲಿ ಕೊಟ್ಟವರು ಯಾರೆಂದು ನಾನು ಬರೆದು ಕೇಳಿದೆ. ಹೊಸದಾಗಿ ಪೇಟೆಗೆ ಬಂದ ತರುಣ ವೈದ್ಯರ ಹೆಸರನ್ನು ಬರೆದಳು. ನಮ್ಮ ಭಾನುವಾರದ ಜಗಲಿಗೆ ಅವರನ್ನು ಇನ್ನೂ ಯಾರೂ ಕರೆದಿರಲಿಲ್ಲ; ಕರೆಯಬೇಕಾಗಿದ್ದವನು ನಾನು. ಆ ಸಂಜೆಯೇ ಒಂದು ಚೀಟಿಪುಸ್ತಕ ಹಿಡಿದುಕೊಂಡು ಅವರಲ್ಲಿಗೆ ಹೋದೆ.

ಈ ಸಭೆಯಲ್ಲಿ ನೆರೆಯ ಪೇಟೆಗಳ ಕೆಲವು ವೈದ್ಯಮಿತ್ರರು ಹಿಂದಿನ ಸಾಲಿನಲ್ಲಿ ಕುಳಿತಿರುವುದು ಕಾಣುತ್ತಿದೆ. ಚೀಟಿಯ ಮಾದರಿಗಳನ್ನು ತಂದಿದ್ದೇನೆ; ಬೇಕೆಂದವರಿಗೆ ಸಭೆ ಮುಗಿದ ಮೇಲೆ ಕೊಡುತ್ತೇನೆ. ಅಭಿಷೇಕಕ್ಕೆ ಹೊತ್ತಾಯಿತೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.